ಊರಲ್ಲಿ ಕೂತು ಡಿಜಿಟಲ್ ಆರ್ಟ್ ಫೈನಲ್ ಪ್ರಾಜೆಕ್ಟ್ ಸಲ್ಲಿಸುವುದು: ಕಡೆಯ ಆರು ವಾರಗಳ ಕೆಲಸ

ಕಾಲೇಜು ಬೆಂಗಳೂರಲ್ಲೋ ಪುಣೆಯಲ್ಲೋ ಲಂಡನ್ನಿನಲ್ಲೋ ಇದೆ. ನೀವು ಬೆಟಗೇರಿಯ ಮನೆಯ ಮಾಳಿಗೆಯ ಮೇಲೆ ಅಥವಾ ಹಾವೇರಿಯ ಬಾಡಿಗೆ ಕೋಣೆಯಲ್ಲಿ ಕೂತು ಪದವಿಯ ಕಡೆಯ ಕೃತಿ ಮುಗಿಸುತ್ತಿದ್ದೀರಿ. ಕಾಲೇಜಿನಲ್ಲೇ ಇದ್ದಿದ್ದರೆ ಪರೀಕ್ಷಕರು ಕತ್ತಲೆ ಕೋಣೆಗೆ ಬಂದು ನಿಮ್ಮ ಪ್ರೊಜೆಕ್ಷನ್ ಮುಂದೆ ನಿಲ್ಲುತ್ತಿದ್ದರು, ಕೇಬಲ್ ಕಳಚಿದ್ದರೆ ನೀವೇ ಓಡಿಹೋಗಿ ಸಿಕ್ಕಿಸುತ್ತಿದ್ದಿರಿ. ದೂರದಿಂದ ಸಲ್ಲಿಸುವಾಗ ಅವರಿಗೆ ಕಾಣುವುದು ಲ್ಯಾಪ್‌ಟಾಪ್ ಪರದೆ, ಕೇಳುವುದು ಇಯರ್‌ಫೋನ್. ಫೈಲು ತೆರೆಯದಿದ್ದರೆ ಅವರ ಪಾಲಿಗೆ ಕೃತಿಯೇ ಇಲ್ಲ. ಆರು ವಾರ ಉಳಿದಿದ್ದರೆ ಮೂರು ವಾರ ಕೃತಿಗೆ, ಮೂರು ವಾರ ಅದನ್ನು ಇನ್ನೊಬ್ಬರ ಯಂತ್ರದಲ್ಲಿ ತೆರೆಯುವಂತೆ ಮಾಡುವುದಕ್ಕೆ ಎಂದು ಲೆಕ್ಕ ಹಾಕಿ. ಎರಡನೆಯ ಮೂರು ವಾರ ಜಾಸ್ತಿಯಾಯಿತು ಅನಿಸುತ್ತದೆ. ಆಗುವುದಿಲ್ಲ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ: ದಾರ ಒಂದು ಸುತ್ತು ಬಿಟ್ಟುಬಿಟ್ಟು ಹೋಗಿ, ವಾಪಸು ಬರುತ್ತ ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಇದನ್ನೇ ಕೋಡ್‌ನಲ್ಲಿ ಬರೆದು, ನೋಡುಗರ ಕೈ ಚಲನೆಯನ್ನು ಕ್ಯಾಮೆರಾದಿಂದ ಹಿಡಿದು, ಗೋಡೆಯ ಮೇಲೆ ಬೆಳಕಿನ ಗೋಪುರವನ್ನೋ ತೇರನ್ನೋ ಹೊಲಿಯುವ ಸಂವಾದಿ ಕೃತಿ ಮಾಡಿದ್ದೀರಿ. ಇದರಲ್ಲಿ ವಿಡಿಯೊ ಇದೆ, ಕೋಡ್ ಇದೆ, ಕೋಣೆಯಲ್ಲಿ ಕಟ್ಟಿದ ಪ್ರತಿಷ್ಠಾಪನೆ (ಇನ್‌ಸ್ಟಲೇಷನ್) ಇದೆ, ಕನ್ನಡ ಅಕ್ಷರವೂ ಇದೆ. ತಪ್ಪಾಗಬಹುದಾದದ್ದೆಲ್ಲ ಒಂದೇ ಕಡೆ ಸಿಗುತ್ತದೆ.

ಮೊದಲ ವಾರ: ಹಾಳೆ ಓದಿ, ನಾಲ್ಕು ಪ್ರಶ್ನೆ ಕೇಳಿ

ಮೌಲ್ಯಮಾಪನದ ಮಾನದಂಡಗಳ ಹಾಳೆಯನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ. ಸಂಶೋಧನೆ, ಬೆಳವಣಿಗೆ, ತಾಂತ್ರಿಕ ಕೌಶಲ, ಅಂತಿಮ ಕೃತಿ, ಆತ್ಮವಿಮರ್ಶೆ ಎಂದು ಅಂಕ ಹಂಚಿರುತ್ತಾರೆ. ಒಂದೊಂದರ ಪಕ್ಕದಲ್ಲಿ, ಅದಕ್ಕೆ ಸಾಕ್ಷಿಯಾಗಿ ಯಾವ ಫೈಲು ಕೊಡುತ್ತೀರಿ ಎಂದು ಬರೆಯಿರಿ. ಪಕ್ಕದಲ್ಲಿ ಬರೆಯಲು ಏನೂ ಸಿಗದ ಸಾಲೇ ನಿಮಗೆ ಅಂಕ ಹೋಗುವ ಜಾಗ. ಸಾಮಾನ್ಯವಾಗಿ ಅದು ‘ಬೆಳವಣಿಗೆ’ ಆಗಿರುತ್ತದೆ: ಅಂತಿಮ ಕೃತಿ ಚೆನ್ನಾಗಿರುತ್ತದೆ, ಅಲ್ಲಿಗೆ ಹೇಗೆ ಬಂದಿರಿ ಎಂಬುದಕ್ಕೆ ಕುರುಹೇ ಇರುವುದಿಲ್ಲ.

ನಂತರ ವಿಭಾಗಕ್ಕೆ ಇಮೇಲ್ ಬರೆಯಿರಿ. ವಾಟ್ಸಾಪ್ ಬೇಡ, ಆಮೇಲೆ ತೋರಿಸಲು ಬರವಣಿಗೆಯಲ್ಲಿ ಉತ್ತರ ಇರಬೇಕು. ಫೈಲೇ ಏರಿಸಬೇಕೋ, ಲಿಂಕ್ ಕೊಟ್ಟರೆ ಸಾಕೋ? ಒಂದೊಂದು ಫೈಲಿಗೆ ಗಾತ್ರದ ಮಿತಿ ಎಷ್ಟು? ಪರೀಕ್ಷಕರು ವಿಂಡೋಸ್ ಬಳಸುತ್ತಾರೋ ಮ್ಯಾಕೋ? ಗಡುವು ಯಾವ ದೇಶದ ಗಡಿಯಾರದ ಪ್ರಕಾರ? ಕಡೆಯದನ್ನು ಹಗುರ ತಗೋಬೇಡಿ. ಮಾರ್ಚ್ ಕಡೆಯ ಭಾನುವಾರದಿಂದ ಅಕ್ಟೋಬರ್ ಕಡೆಯ ಭಾನುವಾರದವರೆಗೆ ಬ್ರಿಟನ್ ನಮಗಿಂತ 4.30 ಗಂಟೆ ಹಿಂದೆ, ಉಳಿದ ತಿಂಗಳಲ್ಲಿ 5.30 ಗಂಟೆ ಹಿಂದೆ. ಮೇ ತಿಂಗಳಲ್ಲಿ ಲಂಡನ್ನಿನ ಸಂಜೆ 4 ಅಂದರೆ ನಮ್ಮ ರಾತ್ರಿ 8.30. ಅಷ್ಟು ಹೊತ್ತಿಗೆ ಮನೆಯವರೆಲ್ಲ ಫೋನು ಹಿಡಿದು ಅದೇ ವೈಫೈ ಮೇಲೆ ಕೂತಿರುತ್ತಾರೆ ಎಂಬುದೂ ಲೆಕ್ಕದಲ್ಲಿರಲಿ.

ಕಾಲೇಜಿನ ಪೋರ್ಟಲ್‌ಗೆ ಇಂದೇ ಒಮ್ಮೆ ಲಾಗಿನ್ ಆಗಿ ನೋಡಿ. ಎರಡನೇ ಹಂತದ ದೃಢೀಕರಣ ಹಳೆಯ ಫೋನಿಗೋ, ಈಗ ರೀಚಾರ್ಜ್ ಇಲ್ಲದ ಸಿಮ್ಮಿಗೋ ಹೋಗುವಂತಿದ್ದರೆ ಅದನ್ನು ಸರಿಪಡಿಸಲು ಕಚೇರಿ ತೆರೆದಿರುವ ದಿನಗಳೇ ಬೇಕು.

ರೆಂಡರ್ ಮತ್ತು ಕರೆಂಟು

ಸಲ್ಲಿಕೆಗಳು ಬರುವ ಏಪ್ರಿಲ್, ಮೇ ತಿಂಗಳಲ್ಲೇ ನಮ್ಮ ಕಡೆ ಗುಡುಗು ಸಿಡಿಲಿನ ಅಡ್ಡಮಳೆ. ಸಂಜೆ ನಾಲ್ಕಕ್ಕೆ ಮೋಡ ಕಟ್ಟಿತೆಂದರೆ ಐದಕ್ಕೆ ಕರೆಂಟು ಇಲ್ಲ. ಹೆಸ್ಕಾಂನವರು ದುರಸ್ತಿಗೆಂದು ಲೈನ್ ತೆಗೆಯುವ ದಿನಗಳನ್ನು ಪತ್ರಿಕೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಎಂದು ಮೊದಲೇ ಹಾಕಿಸುತ್ತಾರೆ, ಅದನ್ನು ನೋಡಿ ದಿನ ಗೊತ್ತು ಮಾಡಿಕೊಳ್ಳಿ. ಮಳೆಗೆ ಹೋಗುವ ಕರೆಂಟಿಗೆ ಸೂಚನೆ ಇರುವುದಿಲ್ಲವಾದ್ದರಿಂದ ರೆಂಡರ್ ಮಾಡುವ (ಯಂತ್ರ ಒಂದೊಂದೇ ಫ್ರೇಮ್ ಲೆಕ್ಕ ಹಾಕಿ ಚಿತ್ರವಾಗಿಸುವ) ಕ್ರಮವನ್ನೇ ಬದಲಿಸಬೇಕು.

ಆನಿಮೇಷನ್ ಅನ್ನು ನೇರವಾಗಿ ಎಂಪಿ4 ಆಗಿ ರೆಂಡರ್ ಮಾಡಬೇಡಿ. ಎಂಪಿ4 ಫೈಲಿನ ಅನುಕ್ರಮಣಿಕೆ ಸಾಮಾನ್ಯವಾಗಿ ಕಡೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಯಂತ್ರ ಆರಿದರೆ ಅಲ್ಲಿವರೆಗಿನ ಹತ್ತು ಗಂಟೆಯ ಕೆಲಸವೂ ತೆರೆಯದ ಫೈಲಾಗಿ ಕೂರುತ್ತದೆ. ಪಿಎನ್‌ಜಿ ಚಿತ್ರಗಳ ಸರಣಿಯಾಗಿ ರೆಂಡರ್ ಮಾಡಿದರೆ ಕಳೆದುಹೋಗುವುದು ಒಂದು ಫ್ರೇಮ್ ಮಾತ್ರ. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಔಟ್‌ಪುಟ್ ವಿಭಾಗಕ್ಕೆ ಹೋಗಿ ‘ಓವರ್‌ರೈಟ್’ ಗುರುತು ತೆಗೆದು ‘ಪ್ಲೇಸ್‌ಹೋಲ್ಡರ್ಸ್’ ಗುರುತು ಹಾಕಿ. ಕರೆಂಟು ಬಂದ ಮೇಲೆ ಮತ್ತೆ ರೆಂಡರ್ ಒತ್ತಿದರೆ ಆಗಿರುವ ಫ್ರೇಮ್‌ಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಇದರಲ್ಲಿ ಒಂದು ತೊಡಕಿದೆ: ಆರುವಾಗ ನಡೆಯುತ್ತಿದ್ದ ಫ್ರೇಮ್ 0 ಕೆಬಿ ಗಾತ್ರದ ಖಾಲಿ ಫೈಲಾಗಿ ಉಳಿದಿರುತ್ತದೆ, ಬ್ಲೆಂಡರ್ ಅದನ್ನೂ ‘ಆಗಿದೆ’ ಎಂದೇ ಭಾವಿಸುತ್ತದೆ. ಫೋಲ್ಡರ್ ಅನ್ನು ಗಾತ್ರದ ಪ್ರಕಾರ ಜೋಡಿಸಿ, ಸೊನ್ನೆಯ ಫೈಲುಗಳನ್ನು ಅಳಿಸಿ, ಆಮೇಲೆ ಶುರು ಮಾಡಿ.

ಸಮಯದ ಲೆಕ್ಕ ಸುಲಭ, ಆದರೂ ಮಾಡುವವರು ಕಡಿಮೆ. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ನಿಮಿಷಕ್ಕೆ 1500. ಫ್ರೇಮ್‌ಗೆ 2 ನಿಮಿಷ ಹಿಡಿದರೆ ಒಂದು ನಿಮಿಷದ ಚಿತ್ರಕ್ಕೆ 50 ಗಂಟೆ. ಮೂರು ನಿಮಿಷದ ಚಿತ್ರಕ್ಕೆ ಆರು ದಿನಕ್ಕಿಂತ ಹೆಚ್ಚು, ಅದೂ ಒಮ್ಮೆಯೂ ಕರೆಂಟು ಹೋಗದೆ. ಈ ಲೆಕ್ಕ ಮಾಡಿದ ಮೇಲೆ ಸ್ಯಾಂಪಲ್ ಸಂಖ್ಯೆ (ಪ್ರತಿ ಬಿಂದುವಿಗೆ ಬೆಳಕಿನ ಲೆಕ್ಕ ಎಷ್ಟು ಸಲ ಎಂಬುದು) ಇಳಿಸಿ ಡಿನಾಯ್ಸರ್ (ಚಿತ್ರದ ಕಾಳುಕಾಳು ತೆಗೆಯುವ ಸಾಧನ) ಹಾಕಲು ಯಾರ ಉಪದೇಶವೂ ಬೇಕಾಗುವುದಿಲ್ಲ. ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಗಲು ಎರಡು ನಿಮಿಷ ಹಿಡಿಯುವ ಫ್ರೇಮ್ ರಾತ್ರಿ ಬೇಗ ಮುಗಿಯುವುದು ಅದಕ್ಕೇ. ಕೆಳಗೆ ಎರಡು ಇಟ್ಟಿಗೆ ಕೊಟ್ಟು ಗಾಳಿಯಾಡಲು ಬಿಡಿ, ಹಾಸಿಗೆ ಮೇಲಂತೂ ಇಡಬೇಡಿ. ಗುಡುಗು ಕೇಳಿದ ಕೂಡಲೇ ಚಾರ್ಜರ್ ಜೊತೆಗೆ ರೌಟರ್‌ನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ.

ಮನೆಯ ಕೋಣೆಯನ್ನು ಗ್ಯಾಲರಿ ಮಾಡುವುದು

ಪ್ರತಿಷ್ಠಾಪನೆಯ ದಾಖಲಾತಿ ಈ ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ್ದು, ಅತ್ಯಂತ ಕಡಿಮೆ ಹೊತ್ತು ಸಿಗುವಂಥದ್ದು. ಇದಕ್ಕೆ ಪೂರ್ತಿ ಮೂರು ದಿನ ಎತ್ತಿಡಿ: ಒಂದು ದಿನ ಕಟ್ಟಲು, ಒಂದು ದಿನ ಚಿತ್ರೀಕರಣಕ್ಕೆ, ಒಂದು ದಿನ ಹಿಂದಿನ ದಿನ ತಪ್ಪಾದದ್ದನ್ನು ಮತ್ತೆ ಚಿತ್ರೀಕರಿಸಲು.

ಪ್ರೊಜೆಕ್ಟರಿನ ‘ಥ್ರೋ ಅನುಪಾತ’ ನೋಡಿ. 1.5 ಎಂದಿದ್ದರೆ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ ಬೇಕು. 12 ಅಡಿ ಉದ್ದದ ಕೋಣೆಯಲ್ಲಿ ಪ್ರೊಜೆಕ್ಟರ್, ಅದರ ಸ್ಟೂಲು, ಹಿಂದೆ ಕೇಬಲ್ಲಿಗೆ ಎಂದು ಒಂದೂವರೆ ಅಡಿ ಹೋದರೆ ಉಳಿಯುವುದು ಹತ್ತೂವರೆ, ಸಿಗುವ ಚಿತ್ರ 7 ಅಡಿ ಅಗಲ. ಅದಕ್ಕಿಂತ ದೊಡ್ಡದು ಬೇಕೆಂದರೆ ಪಡಸಾಲೆಗೇ ಬರಬೇಕು. ಸುಣ್ಣದ ಗೋಡೆಗೆ ತಿಳಿ ನೀಲಿ ಹೊಡೆದಿದ್ದರೆ ನಿಮ್ಮ ಕೆಂಪು ಕಸೂತಿ ಮಂಕಾಗುತ್ತದೆ. ಬಿಳಿ ಧೋತರವನ್ನು ಇಸ್ತ್ರಿ ಮಾಡಿ ಬಿಗಿಯಾಗಿ ಕಟ್ಟಿದರೆ ಸಾಕು.

ಕತ್ತಲೆಗೆ ಕಪ್ಪು ಬಟ್ಟೆ ಕೊಳ್ಳಲು ಹೋಗಬೇಡಿ. ಕುರಿ ಉಣ್ಣೆಯ ಕರಿ ಕಂಬಳಿಗಿಂತ ಒಳ್ಳೆಯದು ಸಿಗುವುದಿಲ್ಲ. ಕಿಟಕಿಗೆ ಎರಡು ಪದರ ಕಟ್ಟಿದರೆ ಮಧ್ಯಾಹ್ನವೂ ರಾತ್ರಿಯಾಗುತ್ತದೆ, ಜೊತೆಗೆ ಕೋಣೆಯ ಪ್ರತಿಧ್ವನಿಯನ್ನೂ ಹೀರುತ್ತದೆ. ಖಾಲಿ ಗೋಡೆಗಳ ನಡುವೆ ಧ್ವನಿ ಮುದ್ರಿಸುವವರು ಕ್ಯಾಮೆರಾದ ಹಿಂದಿನ ಗೋಡೆಗೂ ಒಂದು ಕಂಬಳಿ ಇಳಿಬಿಡಿ.

ಇನ್ನು ಮಿಣುಕು. ಪ್ರೊಜೆಕ್ಷನ್ ಮೇಲೆ ಕಪ್ಪು ಪಟ್ಟಿಗಳು ಮೇಲಕ್ಕೆ ಕೆಳಕ್ಕೆ ಹರಿಯುವ ವಿಡಿಯೊ ನೋಡಿರುತ್ತೀರಿ. ಕಾರಣ ಹೀಗೆ: ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಕಳಪೆ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೆ ಕಳಿಸುವುದು 60 ಹರ್ಟ್ಸ್. ಫೋನು ತನ್ನಿಷ್ಟದ ಶಟರ್ ಹಾಕುತ್ತದೆ. ಮೂರಕ್ಕೂ ತಾಳ ಸೇರುವುದಿಲ್ಲ. ಮೊದಲ ದಾರಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಪ್ರೊಜೆಕ್ಟರಿನ ರಿಫ್ರೆಶ್ ದರವನ್ನು 50ಕ್ಕೆ ಇಳಿಸಿ, ಕ್ಯಾಮೆರಾವನ್ನು 25 ಫ್ರೇಮ್, ಶಟರ್ 1/50ಕ್ಕೆ ಇಡುವುದು. ಆಗ ಎಲ್ಲವೂ ಒಂದೇ ಲಯಕ್ಕೆ ಬರುತ್ತವೆ. ಪ್ರೊಜೆಕ್ಟರ್ 50 ಒಪ್ಪದಿದ್ದರೆ 30 ಫ್ರೇಮ್, ಶಟರ್ 1/60 ಇಟ್ಟು, ಕೋಣೆಯ ಕರೆಂಟಿನ ಬಲ್ಬುಗಳನ್ನೆಲ್ಲ ಆರಿಸಿ, ಬೇಕಾದ ಸ್ವಲ್ಪ ಬೆಳಕನ್ನು ಬ್ಯಾಟರಿ ಲೈಟಿನಿಂದ ಕೊಡಿ. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಶಟರ್ ಕೈಗೆ ಸಿಗದಿದ್ದರೆ ‘ಪ್ರೊ’ ವಿಡಿಯೊ ಮೋಡ್ ಅಥವಾ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಬಳಸಿ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಬೀಗ ಹಾಕಿ. ಇಲ್ಲದಿದ್ದರೆ ಯಾರಾದರೂ ಪ್ರೊಜೆಕ್ಷನ್ ಮುಂದೆ ನಡೆದಾಗಲೆಲ್ಲ ಚಿತ್ರ ಉಸಿರಾಡಿದಂತೆ ಬೆಳಗಿ ಮಂಕಾಗುತ್ತದೆ.

ಯಾವ ಶಾಟ್‌ಗಳು ಬೇಕು? ಇಡೀ ಕೋಣೆ ಕಾಣುವ ಒಂದು, ಅಲುಗಾಡದ್ದು, ಕನಿಷ್ಠ 40 ಸೆಕೆಂಡು. ಒಬ್ಬ ವ್ಯಕ್ತಿ ಒಳಗೆ ಬಂದು ಕೈ ಎತ್ತುವುದು, ಗೋಡೆಯ ಮೇಲೆ ಗೆರೆ ಹೊಲಿಯಲು ಶುರುವಾಗುವುದು, ಎರಡೂ ಒಂದೇ ಚೌಕಟ್ಟಿನಲ್ಲಿ, ನಡುವೆ ಕಟ್ ಇಲ್ಲದೆ. ಸಂವಾದಿ ಕೃತಿಯಲ್ಲಿ ಈ ಒಂದು ಶಾಟ್ ಇಲ್ಲದಿದ್ದರೆ ಅದು ನಿಜವಾಗಿ ಸ್ಪಂದಿಸುತ್ತಿತ್ತೋ, ಸಂಕಲನದಲ್ಲಿ ಕೂಡಿಸಿದ್ದೋ ಎಂದು ಪರೀಕ್ಷಕರು ಅನುಮಾನಪಡುವುದು ಸಹಜ. ಆಮೇಲೆ ಹತ್ತಿರದ ವಿವರಗಳು, ಮತ್ತು ತಂತಿ, ಸೆನ್ಸರ್, ಕ್ಯಾಮೆರಾ ಇಟ್ಟ ಬಗೆ ತೋರಿಸುವ ಹಿಂಬದಿಯ ನೋಟ. ಚಿತ್ರೀಕರಣದಲ್ಲಿ ನಿಲ್ಲುವ ವ್ಯಕ್ತಿ ಕಪ್ಪು ಅಂಗಿ ಹಾಕದಿರಲಿ, ಕತ್ತಲಲ್ಲಿ ಕರಗಿಹೋಗುತ್ತಾರೆ.

ಧ್ವನಿಗೆ ಬೆಳಗಿನ ಜಾವವೇ ಒಳ್ಳೆಯದು. ಫ್ಯಾನ್ ಆರಿಸಿ, ಫ್ರಿಜ್ಜಿನ ಸ್ವಿಚ್ ತೆಗೆಯಿರಿ (ಮತ್ತೆ ಹಾಕಲು ನೆನಪಾಗುವಂತೆ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ). ಖಾಲಿ ಕೋಣೆಯ ಸದ್ದನ್ನೇ 30 ಸೆಕೆಂಡು ಮುದ್ರಿಸಿಕೊಳ್ಳಿ, ಸಂಕಲನದಲ್ಲಿ ತೇಪೆ ಹಾಕಲು ಬೇಕಾಗುತ್ತದೆ. ಜೂನ್ ದಾಟಿದರೆ ಧಾರವಾಡದ ಜಿಟಿಜಿಟಿ ಮಳೆ ತಗಡಿನ ಮೇಲೆ ಬೀಳುವ ಸದ್ದನ್ನು ಯಾವ ಸಾಫ್ಟ್‌ವೇರೂ ತೆಗೆಯಲಾರದು. ಮಳೆಗಾಲಕ್ಕೆ ಮೊದಲೇ ಮುದ್ರಿಸಿ.

ಲಕ್ಕುಂಡಿಯಂಥ ಜಾಗದಲ್ಲಿ ಚಿತ್ರೀಕರಿಸುವ ಯೋಚನೆ ಇದ್ದರೆ, ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕದಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಕೇಳಿ ಪತ್ರ ತೆಗೆದುಕೊಳ್ಳಿ. ಕಸೂತಿ ಹಾಕುವ ಹೆಣ್ಣುಮಕ್ಕಳ ಕೈ, ಮುಖ, ಮಾತು ಬಳಸಿದ್ದರೆ ಅವರು ಓದಬಲ್ಲ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಬರೆದು ಸಹಿ ಹಾಕಿಸಿ, ಸಲ್ಲಿಕೆಯಲ್ಲಿ ಅದರ ಸ್ಕ್ಯಾನ್ ಸೇರಿಸಿ. ಹಲವು ವಿಶ್ವವಿದ್ಯಾಲಯಗಳು ಇದನ್ನು ಕಡ್ಡಾಯವಾಗಿ ಕೇಳುತ್ತವೆ.

ಕನ್ನಡ ಅಕ್ಷರ ಒಡೆಯದಂತೆ

ಕೃತಿಯಲ್ಲಿ ಕನ್ನಡ ಇರುವವರು ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಇದನ್ನು ದೂರದ ಪರೀಕ್ಷಕರು ತಪ್ಪೆಂದು ಗುರುತಿಸಲೂ ಆಗದು, ಕನ್ನಡ ಬಲ್ಲ ಒಬ್ಬರೇ ಒಬ್ಬರು ಸಮಿತಿಯಲ್ಲಿದ್ದರೆ ಮರ್ಯಾದೆ ಹೋಗುತ್ತದೆ. ಪರೀಕ್ಷೆಗೆ ಈ ಸಾಲು ಹಾಕಿ ನೋಡಿ: ‘ಸ್ತ್ರೀ, ಕರ್ನಾಟಕ, ರಾಷ್ಟ್ರಕೂಟ, ಲಕ್ಕುಂಡಿ, ತ್ರಿಕೂಟೇಶ್ವರ’. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಅರ್ಧಚಂದ್ರದೊಂದಿಗೆ ನಿಂತರೆ, ಅರ್ಕಾವತ್ತು ಮುಂದೆ ಹೋಗಿ ಕೂತರೆ, ಆ ಸಾಫ್ಟ್‌ವೇರ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುತ್ತಿದೆ ಎಂದರ್ಥ.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನನ್ನು ‘ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್’ ಮಾಡಿ. ಫೋಟೋಶಾಪ್‌ನಲ್ಲಿ ‘ವರ್ಲ್ಡ್ ರೆಡಿ ಲೇಔಟ್’, ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’. ಸೆಟ್ಟಿಂಗ್ ಬದಲಿಸುವ ಮೊದಲೇ ಮಾಡಿದ ಅಕ್ಷರದ ಪದರಗಳು ತಾವಾಗಿ ಸರಿಹೋಗದೆ ಇರಬಹುದು, ಹೊಸ ಪದರ ಮಾಡಿ ಅಂಟಿಸುವುದೇ ಬೇಗದ ದಾರಿ. ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್ ಮತ್ತು ಗೇಮ್ ಎಂಜಿನ್ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ಎರಡಕ್ಕೂ ಕನ್ನಡದ ಒತ್ತು ಬರುವುದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಎಸ್‌ವಿಜಿಯಾಗಿ ಬ್ಲೆಂಡರ್‌ಗೆ, ಪಿಎನ್‌ಜಿಯಾಗಿ ಯೂನಿಟಿಗೆ ತನ್ನಿ. ಬ್ರೌಸರಿನಲ್ಲಿ ಚಿತ್ರ ಬರೆಯುವ ಕೋಡ್ ಸಂಗ್ರಹ ಪಿ5.ಜೆಎಸ್‌ನ 1.x ಆವೃತ್ತಿಗಳಲ್ಲಿ ‘ಲೋಡ್‌ಫಾಂಟ್’ ಮೂಲಕ ತಂದ ಫಾಂಟ್ ಒಡೆಯುತ್ತದೆ. ಅದೇ ಫಾಂಟನ್ನು ಸಿಎಸ್‌ಎಸ್‌ನಲ್ಲಿ ಘೋಷಿಸಿ ಹೆಸರಿನಿಂದ ಕರೆದರೆ ಬ್ರೌಸರ್ ತಾನೇ ಸರಿಯಾಗಿ ಜೋಡಿಸುತ್ತದೆ. ನುಡಿ, ಬರಹದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಯೇ ಬಳಸಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ.

ಮಾತು ಕನ್ನಡದಲ್ಲಿದ್ದು ಪರೀಕ್ಷಕರು ಕನ್ನಡ ಬಲ್ಲವರಲ್ಲದಿದ್ದರೆ ಇಂಗ್ಲಿಷ್ ಸಬ್‌ಟೈಟಲ್ಲನ್ನು ಚಿತ್ರದ ಮೇಲೇ ಅಚ್ಚೊತ್ತಿದ ಪ್ರತಿ ಕೊಡಿ. ಬೇರೆ ಎಸ್‌ಆರ್‌ಟಿ ಫೈಲು ಕೊಟ್ಟರೆ ಅದನ್ನು ಹಚ್ಚಿಕೊಳ್ಳುವ ಶ್ರಮ ಅವರು ಪಡುತ್ತಾರೆಂದು ನಂಬಬೇಡಿ. ‘ಬಾಳ ಚೊಲೊ ಆತು’ ಎಂಬುದನ್ನು ಪದಕ್ಕೆ ಪದ ಅನುವಾದಿಸದೆ, ಹೇಳಿದವರ ಧಾಟಿ ಉಳಿಸಿ.

ಎಕ್ಸ್‌ಪೋರ್ಟ್

ಇಲ್ಲಿ ಹೆಚ್ಚು ಹೇಳುವುದಿಲ್ಲ, ಅಂಕಿಗಳು ಸಾಕು. ಎಚ್.264, ಎಂಪಿ4, 1920×1080, ಸ್ಥಿರವಾದ 25 ಫ್ರೇಮ್ (30ರಲ್ಲಿ ತೆಗೆದಿದ್ದರೆ 30), ಬಿಟ್‌ರೇಟ್ 16 ಎಂಬಿಪಿಎಸ್, ಬಣ್ಣ ರೆಕ್. 709, ಧ್ವನಿ ಎಎಸಿ 48 ಕಿಲೋಹರ್ಟ್ಸ್ 320 ಕೆಬಿಪಿಎಸ್. ಐದು ನಿಮಿಷಕ್ಕೆ ಸುಮಾರು 600 ಎಂಬಿ ಬರುತ್ತದೆ. ನಿಮ್ಮ ಹತ್ತಿರ ಇಟ್ಟುಕೊಳ್ಳಲು ಪ್ರೋರೆಸ್ 422ನಲ್ಲಿ ಒಂದು ಮಾಸ್ಟರ್ ತೆಗೆಯಿರಿ, ಅದೇ ಐದು ನಿಮಿಷ 4.5 ಜಿಬಿ ಆಗುತ್ತದೆ. ಧ್ವನಿಯ ಸರಾಸರಿ ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಶಿಖರ ಮೈನಸ್ 1 ಡೆಸಿಬೆಲ್ ದಾಟದಿರಲಿ. ಅಡಾಸಿಟಿಯ ‘ಲೌಡ್‌ನೆಸ್ ನಾರ್ಮಲೈಸೇಶನ್’ ಸರಾಸರಿಯನ್ನು ಸರಿಮಾಡುತ್ತದೆ, ಶಿಖರಕ್ಕೆ ಲಿಮಿಟರ್ ಹಾಕಿ. ನಾಲ್ಕು ಸ್ಪೀಕರಿನ ಕೃತಿಯಾದರೆ ಇಯರ್‌ಫೋನಿಗೆ ಸ್ಟೀರಿಯೊ ಪ್ರತಿ ಬೇರೆಯೇ ಮಿಶ್ರಣ ಮಾಡಬೇಕು. ಚಿತ್ರದ ಮೊದಲಿಗೂ ಕೊನೆಗೂ ಎರಡು ಸೆಕೆಂಡು ಕಪ್ಪು ಇರಲಿ, ಮೊದಲ ಕ್ಷಣ ಪ್ಲೇಯರಿನ ಗುಂಡಿಗಳು ಚಿತ್ರದ ಮೇಲೆ ಕೂತಿರುತ್ತವೆ.

ಫೋನಿನಲ್ಲಿ ತೆಗೆದ ವಿಡಿಯೊದ ಫ್ರೇಮ್ ದರ ಸ್ಥಿರವಾಗಿರುವುದಿಲ್ಲ. ಸಂಕಲನದಲ್ಲಿ ನಾಲ್ಕನೇ ನಿಮಿಷಕ್ಕೆ ತುಟಿಗೂ ಮಾತಿಗೂ ಸಂಬಂಧ ತಪ್ಪಿದರೆ ಇದೇ ಕಾರಣ. ಸಂಕಲನಕ್ಕೆ ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಕೊಟ್ಟು ಪರಿವರ್ತಿಸಿ. ಪರದೆಯ ರೆಕಾರ್ಡಿಂಗ್‌ಗೆ ಒಬಿಎಸ್ ಬಳಸುವವರು ಎಂಕೆವಿಯಲ್ಲೇ ಮುದ್ರಿಸಿ ಆಮೇಲೆ ‘ರೀಮಕ್ಸ್’ ಕೊಟ್ಟು ಎಂಪಿ4 ಮಾಡಿ. ಕರೆಂಟು ಹೋದರೂ ಎಂಕೆವಿ ಅಲ್ಲಿವರೆಗೆ ಉಳಿಯುತ್ತದೆ. ಬಣ್ಣ ತಿದ್ದುವಾಗ ‘ನೈಟ್ ಲೈಟ್’ ಆರಿಸಿರಿ. ಹಳದಿ ಪರದೆ ನೋಡಿ ತಿದ್ದಿದ ಚಿತ್ರ ಬೇರೆಯವರಿಗೆ ನೀಲಿಯಾಗಿ ಕಾಣುತ್ತದೆ.

ಕೋಡ್ ಇರುವ ಕೃತಿ

ನಿಮ್ಮ ಯಂತ್ರದಲ್ಲಿ ಓಡುವ ಸಂವಾದಿ ಕೃತಿ ಅವರಲ್ಲಿ ಓಡದಿರಲು ಕಾರಣಗಳು ಬಹುತೇಕ ಇವೇ. ಚಿತ್ರ, ಧ್ವನಿಯ ವಿಳಾಸವನ್ನು ಸಿ ಡ್ರೈವ್‌ನಿಂದ ಹಿಡಿದು ಪೂರ್ತಿ ಬರೆದಿರುತ್ತೀರಿ. ಅದು ಅವರ ಯಂತ್ರದಲ್ಲಿ ಇರುವುದಿಲ್ಲ. ಫೈಲಿನ ಹೆಸರಲ್ಲಿ ದೊಡ್ಡಕ್ಷರ, ಕೋಡ್‌ನಲ್ಲಿ ಚಿಕ್ಕಕ್ಷರ. ವಿಂಡೋಸ್ ಸುಮ್ಮನಿರುತ್ತದೆ, ಸರ್ವರ್ ಸುಮ್ಮನಿರುವುದಿಲ್ಲ. ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಭದ್ರತಾ ನಿಯಮದಿಂದ ಬ್ರೌಸರ್ ಕೋಡ್ ಮೂಲಕ ತರುವ ಚಿತ್ರ, ಧ್ವನಿಗಳನ್ನು ತಡೆಯಬಹುದು. ಕ್ಯಾಮೆರಾ ಬೇಡುವ ಕೃತಿ ಎಚ್‌ಟಿಟಿಪಿಎಸ್ ವಿಳಾಸದಲ್ಲಿ ಇಲ್ಲದಿದ್ದರೆ ಕ್ಯಾಮೆರಾ ಸಿಗುವುದೇ ಇಲ್ಲ. ಆದ್ದರಿಂದ ಗಿಟ್‌ಹಬ್ ಪೇಜಸ್ ಅಥವಾ ಇಚ್.ಐಒನಲ್ಲಿ ಏರಿಸಿ ಲಿಂಕ್ ಕೊಡುವುದೇ ಸುರಕ್ಷಿತ. ಗಿಟ್‌ಹಬ್ 100 ಎಂಬಿಗಿಂತ ದೊಡ್ಡ ಫೈಲು ತೆಗೆದುಕೊಳ್ಳುವುದಿಲ್ಲ. ಯೂನಿಟಿಯ ವೆಬ್ ಬಿಲ್ಡ್ ಅರ್ಧಕ್ಕೆ ನಿಂತರೆ ‘ಡಿಕಂಪ್ರೆಶನ್ ಫಾಲ್‌ಬ್ಯಾಕ್’ ಗುರುತು ಹಾಕಿ ಮತ್ತೆ ಬಿಲ್ಡ್ ಮಾಡಿ.

ಧ್ವನಿ ಬರುತ್ತಿಲ್ಲ ಎಂಬುದು ಇನ್ನೊಂದು ದೂರು. ಬಳಕೆದಾರರು ಒಮ್ಮೆ ಕ್ಲಿಕ್ ಮಾಡುವವರೆಗೆ ಬ್ರೌಸರ್ ಧ್ವನಿ ಬಿಡುವುದಿಲ್ಲ. ಮೊದಲ ಪರದೆಯಲ್ಲಿ ‘ಶುರು’ ಗುಂಡಿ ಇಡಿ, ಅಲ್ಲೇ ಎರಡು ಸಾಲು ಸೂಚನೆ ಬರೆಯಿರಿ. ಇಷ್ಟೆಲ್ಲ ಮಾಡಿಯೂ ಮೂರರಿಂದ ಐದು ನಿಮಿಷದ, ಕೃತಿ ಓಡುವುದನ್ನು ತೋರಿಸುವ ವಿಡಿಯೊ ಇಲ್ಲದೆ ಸಲ್ಲಿಸಬೇಡಿ. ಆರ್ಡುಯಿನೊ (ಸೆನ್ಸರ್ ಜೋಡಿಸುವ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡ್) ಬಳಸಿದ್ದರೆ ಸರ್ಕ್ಯೂಟಿನ ಚಿತ್ರ, ಮೇಲಿನಿಂದ ತೆಗೆದ ಫೋಟೊ, ಕೋಡ್ ಮೂರೂ ಇರಲಿ.

ಬೆಳವಣಿಗೆಯ ಪುಸ್ತಿಕೆ

ಪುಟ ಮಿತಿ ಹೇಳಿಲ್ಲದಿದ್ದರೆ 20ರಿಂದ 30 ಅಡ್ಡ ಪುಟಗಳ ಪಿಡಿಎಫ್, ಚಿತ್ರಗಳು 150 ಡಿಪಿಐ, ಆರ್‌ಜಿಬಿ ಬಣ್ಣ, ಒಟ್ಟು 20 ಎಂಬಿ ಒಳಗೆ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಪ್ರೆಸ್ಸಿನವರು ಅಭ್ಯಾಸಬಲದಿಂದ ಸಿಎಂವೈಕೆಯಲ್ಲಿ ಪಿಡಿಎಫ್ ಮಾಡಿಕೊಟ್ಟಾರು. ಕಾಗದಕ್ಕೆ ಅದು ಸರಿ, ಪರದೆಯಲ್ಲಿ ಕೆಂಪು ಮಂಕಾಗುತ್ತದೆ.

ಪುಟಕ್ಕೊಂದು ದಿನಾಂಕ, ಒಂದು ನಿರ್ಧಾರ. ‘ಗವಂತಿಯ ದಾರಿ ಲೆಕ್ಕ ಹಾಕಿದಾಗ ಗೆರೆ ಶುರುವಾದ ಬಿಂದುವಿಗೆ ವಾಪಸು ಬರಲಿಲ್ಲ, ಜಾಲದಲ್ಲಿ ಒಂಟಿ ತುದಿ ಉಳಿದಿತ್ತು, ಕೊಂಡಿಯನ್ನು ಎರಡು ಸಲ ಎಣಿಸಿದಾಗ ಸರಿಹೋಯಿತು’ ಎಂಬಂಥ ಮೂರು ಸಾಲು ಮತ್ತು ಕೆಟ್ಟ ಫಲಿತಾಂಶದ ಒಂದು ಚಿತ್ರ, ಹತ್ತು ಸುಂದರ ಮೂಡ್‌ಬೋರ್ಡ್‌ಗಳಿಗಿಂತ ಹೆಚ್ಚು ಅಂಕ ತರುತ್ತದೆ. ಎಐ ಉಪಕರಣ ಬಳಸಿದ್ದರೆ ಯಾವುದು, ಯಾವ ಹಂತದಲ್ಲಿ, ಎಷ್ಟು ಎಂದು ಬರೆದುಬಿಡಿ. ಎರವಲು ತಂದ ಕೋಡ್, ಫಾಂಟ್, ಧ್ವನಿಗಳಿಗೂ ಅಷ್ಟೇ.

ಕಟ್ಟು, ಏರಿಸು

ಮೂಲ ಫೋಲ್ಡರ್ ಒಂದೇ. ಒಳಗೆ 01, 02, 03 ಎಂದು ಅಂಕಿಯಿಂದ ಶುರುವಾಗುವ ನಾಲ್ಕೈದು ಉಪಫೋಲ್ಡರ್. ಫೈಲ್ ಹೆಸರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ. ಕನ್ನಡದ ಹೆಸರು ಜಿಪ್ ಬಿಚ್ಚುವಾಗ ಕೆಲವು ಯಂತ್ರಗಳಲ್ಲಿ ಕೆಡುತ್ತದೆ. ‘ಫೈನಲ್’, ‘ಫೈನಲ್ ಫೈನಲ್’, ‘ಇದೇ ಫೈನಲ್’ ಎಂಬ ಮೂರು ಫೈಲು ಒಟ್ಟಿಗೆ ಹೋದರೆ ಪರೀಕ್ಷಕರು ಮೊದಲನೆಯದನ್ನೇ ತೆರೆಯುತ್ತಾರೆ. ಎಲ್ಲಕ್ಕೂ ಮೇಲೆ ಒಂದು ಪುಟದ ಓದೋಲೆ (ರೀಡ್‌ಮಿ): ಯಾವುದನ್ನು ಮೊದಲು ನೋಡಬೇಕು, ಎಷ್ಟು ನಿಮಿಷ, ಇಯರ್‌ಫೋನ್ ಬೇಕೋ, ತೆರೆಯದಿದ್ದರೆ ಬದಲಿ ಲಿಂಕ್ ಯಾವುದು.

ಸ್ಪೀಡ್ ಪರೀಕ್ಷೆಯಲ್ಲಿ ಡೌನ್‌ಲೋಡ್ ಅಂಕಿ ನೋಡಿ ಸಂತೋಷಪಡಬೇಡಿ, ಅಪ್‌ಲೋಡ್ ನೋಡಿ. 5 ಎಂಬಿಪಿಎಸ್ ಸಿಕ್ಕರೆ 4 ಜಿಬಿಗೆ ಸುಮಾರು 1 ಗಂಟೆ 47 ನಿಮಿಷ. ಮೊಬೈಲ್ ಡೇಟಾದಲ್ಲಿ ದಿನದ ಒಂದೂವರೆ ಅಥವಾ ಎರಡು ಜಿಬಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಬೀಳುವ ಪ್ಲಾನ್‌ಗಳೇ ಹೆಚ್ಚು. ಆ ವೇಗದಲ್ಲಿ ಉಳಿದ 1 ಜಿಬಿಗೆ ಸುಮಾರು 35 ಗಂಟೆ ಬೇಕು. ಬೆಳಗ್ಗೆ 5ಕ್ಕೆ ಶುರು ಮಾಡಿ, ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ, ರೌಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಹಚ್ಚಿ. ನವಲಗುಂದದಿಂದಲೋ ರೋಣದಿಂದಲೋ ಹುಬ್ಬಳ್ಳಿಗೆ ಬಂದು ಸೈಬರ್ ಸೆಂಟರಿನಲ್ಲಿ ಏರಿಸುವವರು ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲು ಹಿಡಿಸುವುದಿಲ್ಲ. ಫೈಲುಗಳನ್ನು ಜಿಪ್ ಮಾಡಿಯೇ ಒಯ್ಯಿರಿ, ಅಂಗಡಿಯ ಯಂತ್ರಗಳಲ್ಲಿ ಫೋಲ್ಡರುಗಳನ್ನು ಶಾರ್ಟ್‌ಕಟ್ ಮಾಡಿಹಾಕುವ ವೈರಸ್ ಸಾಮಾನ್ಯ. ಹೊರಡುವಾಗ ಲಾಗೌಟ್.

ಗೂಗಲ್ ಡ್ರೈವ್‌ನ ಉಚಿತ 15 ಜಿಬಿಯಲ್ಲಿ ನಿಮ್ಮ ಜಿಮೇಲ್, ಫೋಟೊಗಳೂ ಪಾಲುದಾರರು. ಲಿಂಕನ್ನು ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಮಾಡಿ, ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಕಾಲೇಜಿನ ಖಾತೆಯಿಂದ ಹಂಚಿದ್ದು ಹೊರಗಿನ ಪರೀಕ್ಷಕರಿಗೆ ತೆರೆಯದಿರಬಹುದು, ಅದಕ್ಕೆ ಸ್ವಂತ ಖಾತೆಯದೂ ಒಂದು ಇರಲಿ. ದಿನ ಕಳೆದರೆ ಸಾಯುವ ವರ್ಗಾವಣೆ ಲಿಂಕ್‌ಗಳನ್ನು ಸಲ್ಲಿಕೆಗೆ ಬಳಸಬೇಡಿ. ಯೂಟ್ಯೂಬ್ ಆದರೆ ‘ಅನ್‌ಲಿಸ್ಟೆಡ್’. ‘ಪ್ರೈವೇಟ್’ ಇಟ್ಟರೆ ಅವರಿಗೆ ಕಾಣದು. ಕತ್ತಲೆ ದೃಶ್ಯಗಳು ಅಲ್ಲಿ ಚೌಕಚೌಕವಾಗಿ ಒಡೆಯುತ್ತವೆ, 1080 ಚಿತ್ರವನ್ನೇ 4ಕೆ ಗಾತ್ರಕ್ಕೆ ಹಿಗ್ಗಿಸಿ ಏರಿಸಿದರೆ ಹೆಚ್ಚಿನ ಬಿಟ್‌ರೇಟ್ ಸಿಕ್ಕಿ ಸ್ವಲ್ಪ ಸುಧಾರಿಸುತ್ತದೆ.

ಗಡುವಿಗೆ 48 ಗಂಟೆ ಮೊದಲು ಏರಿಸಿ, ನೀವೇ ಬೇರೆ ಯಂತ್ರದಲ್ಲಿ ಇಳಿಸಿಕೊಂಡು ಮೊದಲಿನಿಂದ ಕೊನೆವರೆಗೆ ನೋಡಿ. ಜಿಪ್ ಆದರೆ 7-ಜಿಪ್‌ನ ‘ಟೆಸ್ಟ್’ ಕೊಡಿ. ಆ ಇನ್ನೊಂದು ಯಂತ್ರ, ನಿಮ್ಮ ಯಾವ ಸಾಫ್ಟ್‌ವೇರೂ ಇಲ್ಲದ, ಪಕ್ಕದ ಮನೆಯ ಹಳೆಯ ಲ್ಯಾಪ್‌ಟಾಪ್ ಆದಷ್ಟೂ ಒಳ್ಳೆಯದು. ಸ್ವೀಕೃತಿಯ ಇಮೇಲ್, ಪರದೆಯ ಚಿತ್ರ ಎರಡನ್ನೂ ಉಳಿಸಿಕೊಳ್ಳಿ.

ವೈವಾ ದಿನ

ಝೂಮ್‌ನಲ್ಲಿ ಪರದೆ ಹಂಚುವಾಗ ‘ಶೇರ್ ಸೌಂಡ್’, ‘ಆಪ್ಟಿಮೈಜ್ ಫಾರ್ ವಿಡಿಯೊ ಕ್ಲಿಪ್’ ಎರಡೂ ಗುರುತು ಹಾಕಿ. ಗೂಗಲ್ ಮೀಟ್‌ನಲ್ಲಿ ಕಿಟಕಿಯ ಬದಲು ಟ್ಯಾಬ್ ಹಂಚಿ, ಧ್ವನಿ ಹೋಗುತ್ತದೆಂಬ ಖಾತ್ರಿ ಇರುವುದು ಅದರಲ್ಲೇ. ಏನೇ ಮಾಡಿದರೂ ಹಂಚಿದ ವಿಡಿಯೊ ತಡವರಿಸುತ್ತದೆ. ಫೈಲನ್ನು ಮುಂಚೆಯೇ ಕಳಿಸಿ ‘ದಯವಿಟ್ಟು ನಿಮ್ಮ ಕಡೆಯೇ ಹಾಕಿ ನೋಡಿ, ನಾನು ಕಾಯುತ್ತೇನೆ’ ಅನ್ನುವುದು ಲೇಸು. ಕಿಟಕಿ ಬೆನ್ನಿಗಲ್ಲ, ಎದುರಿಗಿರಲಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್, ಪಕ್ಕದಲ್ಲಿ ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್, ಕಾಗದದಲ್ಲಿ ಸಂಚಾಲಕರ ಫೋನ್ ನಂಬರ್. ಅಂದು ಓಣಿಯಲ್ಲಿ ಮದುವೆಯೋ ಜಾತ್ರೆಯೋ ಇದ್ದರೆ ಮೈಕಿನವರನ್ನು ಹಿಂದಿನ ದಿನವೇ ಮಾತಾಡಿಸಿ.

ಗವಂತಿ ಅಂದರೇನು, ತೇರು ಅಂದರೇನು ಎಂದು ಒಂದೊಂದೇ ವಾಕ್ಯದಲ್ಲಿ ಹೇಳಲು ಅಭ್ಯಾಸ ಮಾಡಿಕೊಳ್ಳಿ. ಹದಿನೈದು ನಿಮಿಷದ ವೈವಾದಲ್ಲಿ ಸಂಸ್ಕೃತಿಯ ಪರಿಚಯಕ್ಕೇ ಏಳು ನಿಮಿಷ ಹೋದರೆ ನಿಮ್ಮ ಕೃತಿಗೆ ಉಳಿಯುವುದು ಎಂಟು. ‘ಇದನ್ನು ಪರದೆಯಲ್ಲೇ ತೋರಿಸಬಹುದಿತ್ತಲ್ಲ, ಗೋಡೆ ಏಕೆ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ.

ಫಲಿತಾಂಶ ಬರುವವರೆಗೆ ಏನನ್ನೂ ಅಳಿಸಬೇಡಿ, ಸಾಫ್ಟ್‌ವೇರ್ ಅಪ್‌ಡೇಟ್ ಒತ್ತಬೇಡಿ, ಡ್ರೈವ್‌ನ ಫೈಲನ್ನು ಬೇರೆ ಫೋಲ್ಡರಿಗೂ ಸರಿಸಬೇಡಿ. ಬಾಹ್ಯ ಪರೀಕ್ಷಕರು ಎರಡು ಮೂರು ವಾರದ ನಂತರ ಮತ್ತೊಮ್ಮೆ ತೆರೆದು ನೋಡುವುದುಂಟು. ಬಾಡಿಗೆಗೆ ತಂದ ಪ್ರೊಜೆಕ್ಟರನ್ನು ಹಿಂದಿರುಗಿಸುವ ಮೊದಲು ಮಾತ್ರ, ತೆಗೆದ ದೃಶ್ಯಗಳೆಲ್ಲ ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇವೆಯೇ ಎಂದು ನೋಡಿಕೊಳ್ಳಿ. ಕಂಬಳಿಗಳನ್ನು ಒಂದು ದಿನ ಬಿಸಿಲಿಗೆ ಹಾಕಿ ಒಳಗೆ ಮಡಚಿಡಬಹುದು.